ಮಹಾಮಾರಿಯ ನಂತರದ ಬಸ್ಸು ಪ್ರಯಾಣ: ನಗರ ನಡವಳಿಕೆಯ ಒಂದು ಪಾಠ

ಪಾಠದ ಆಶಯ

ಸಾರ್ವಜನಿಕ ಸಾರಿಗೆಯಲ್ಲಿ ಅಪರಿಚಿತರೊಡನೆ ನಡೆದುಕೊಳ್ಳಬೇಕಾದ ರೀತಿಯನ್ನು ವಿದ್ಯಾರ್ಥಿಗಳು ಅರಿಯುವುದು. ಕೋವಿಡ್ ಕಾಲದಲ್ಲಿ ರೂಢಿಯಾದ ಅಭ್ಯಾಸಗಳಲ್ಲಿ ಯಾವುದನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ಕಾರಣಸಹಿತವಾಗಿ ವಿವೇಚಿಸುವುದು. ಆರರಿಂದ ಎಂಟನೆಯ ತರಗತಿಯವರೆಗಿನ ಮಕ್ಕಳಿಗೆ ಇದನ್ನು ಎರಡು ಅವಧಿಗಳಲ್ಲಿ ಬೋಧಿಸಬಹುದು.

ಈ ಪಾಠ ಈಗೇಕೆ?

2020ರ ಜೂನ್‌ನಲ್ಲಿ ಒಂದನೆಯ ತರಗತಿಗೆ ಸೇರಬೇಕಾಗಿದ್ದ ಮಗುವೊಂದನ್ನು ನೆನೆಯೋಣ. ಆ ವರ್ಷ ಅದರ ಪಾಲಿಗೆ ಶಾಲೆ ತೆರೆಯಲೇ ಇಲ್ಲ. ತಮಿಳುನಾಡಿನಲ್ಲಿ ಒಂದರಿಂದ ಎಂಟರವರೆಗಿನ ತರಗತಿಗಳು ಪುನರಾರಂಭವಾದದ್ದು 2021ರ ನವೆಂಬರ್ 1ರಂದು. ಅಷ್ಟರಲ್ಲಿ ಮಗು ಎರಡನೆಯ ತರಗತಿಯಲ್ಲಿತ್ತು. ಸಾಲಿನಲ್ಲಿ ನಿಲ್ಲುವುದು, ಸರದಿಗಾಗಿ ಕಾಯುವುದು, ಪಕ್ಕದವರಿಗೆ ಜಾಗ ಬಿಡುವುದು ಇವೆಲ್ಲ ಓದಿನಿಂದ ಬರುವ ಗುಣಗಳಲ್ಲ. ಹತ್ತು ಜನರ ನಡುವೆ ಬೆಳೆಯುತ್ತ ಬರುವಂಥವು. ಆ ಬೆಳೆಯುವ ಕಾಲದಲ್ಲಿಯೇ ಮಗು ಮನೆಯೊಳಗೆ ಉಳಿದಿತ್ತು. 2025-26ರಲ್ಲಿ ಅದು ಆರನೆಯ ತರಗತಿಗೆ ಬಂದಿದೆ. ಊರಿನ ಪ್ರಾಥಮಿಕ ಶಾಲೆಯನ್ನು ಮುಗಿಸಿ, ದೂರದ ಶಾಲೆಗೆ ಟೌನ್ ಬಸ್ಸಿನಲ್ಲಿ ಒಂಟಿಯಾಗಿ ಹೋಗುವ ವಯಸ್ಸು ಇದು. ಆದುದರಿಂದ ಈ ಪಾಠವನ್ನು ಮುಂದೂಡಲಾಗದು.

ಹಿನ್ನೆಲೆ: ಬಸ್ಸುಗಳು ನಿಂತ ದಿನಗಳು

2020ರ ಮಾರ್ಚ್ ಕೊನೆಯ ವಾರದಲ್ಲಿ ಬಸ್ಸುಗಳು ನಿಂತವು. ಜೂನ್ 1ರಿಂದ ಮತ್ತೆ ಓಡಿಸಲು ಸರ್ಕಾರವು ರಾಜ್ಯವನ್ನು ಎಂಟು ವಲಯಗಳಾಗಿ ವಿಂಗಡಿಸಿತು. ಸೇಲಂ ಒಂದು ವಲಯಕ್ಕೆ, ಧರ್ಮಪುರಿ ಇನ್ನೊಂದು ವಲಯಕ್ಕೆ ಸೇರಿದವು. 1965ರವರೆಗೆ ಒಂದೇ ಜಿಲ್ಲೆಯಾಗಿದ್ದ ನೆಲದಲ್ಲಿ, ತೊಪ್ಪೂರು ಘಟ್ಟವನ್ನು ದಾಟಲು ಇ-ಪಾಸ್ ಬೇಕಾಯಿತು. ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಸೇವೆ ಮತ್ತೆ ನಿಂತು, ಸೆಪ್ಟೆಂಬರ್ 1ರಿಂದ ಜಿಲ್ಲೆಯೊಳಗೆ, 7ರಿಂದ ಜಿಲ್ಲೆಗಳ ನಡುವೆ ಆರಂಭವಾಯಿತು.

ಎರಡನೆಯ ಅಲೆಯಲ್ಲಿ ಒಂದು ವಿಚಿತ್ರ ಸನ್ನಿವೇಶ ಒದಗಿತು. ಸಾಧಾರಣ ಟೌನ್ ಬಸ್ಸುಗಳಲ್ಲಿ ಮಹಿಳೆಯರಿಗೆ ಉಚಿತ ಪ್ರಯಾಣ ಜಾರಿಗೆ ಬಂದದ್ದು 2021ರ ಮೇ 8ರಂದು. ಪೂರ್ಣ ಲಾಕ್‌ಡೌನ್ ಆರಂಭವಾದದ್ದು ಮೇ 10ರಂದು. ಸವಲತ್ತು ಬಂದ ಎರಡೇ ದಿನಕ್ಕೆ ಬಸ್ಸೇ ಇಲ್ಲವಾಯಿತು! ಧರ್ಮಪುರಿಯಲ್ಲಿ ಜೂನ್ 28ರಂದು, ಸೋಂಕು ಹೆಚ್ಚಾಗಿದ್ದ ಸೇಲಂನಲ್ಲಿ ಜುಲೈ 5ರಂದು ಬಸ್ಸುಗಳು ಮತ್ತೆ ಹೊರಟವು. ಹೂ ಮಾರುವವರು, ಮನೆಗೆಲಸದವರು, ಆಸ್ಪತ್ರೆಗೆ ಹೋಗುವ ವೃದ್ಧೆಯರು ಅಲ್ಲಿಂದೀಚೆಗೆ ಆ ಬಸ್ಸನ್ನೇ ನೆಚ್ಚಿಕೊಂಡಿದ್ದಾರೆ. ಈ ಪ್ರಯಾಣದ ವೆಚ್ಚವನ್ನು ಸರ್ಕಾರ ಜನರ ತೆರಿಗೆಯಿಂದ ಭರಿಸುತ್ತದೆ. ಆದಕಾರಣ ಅದು ಭಿಕ್ಷೆಯಲ್ಲ, ಹಕ್ಕು. ಹಣ ಕೊಡದವಳೆಂದು ಯಾರನ್ನಾದರೂ ಏಕವಚನದಲ್ಲಿ ಮಾತನಾಡಿಸುವುದು ಸಲ್ಲದೆಂಬುದನ್ನು ಮಕ್ಕಳು ಮೊದಲು ತಿಳಿಯಲಿ.

ಉಳಿಸಿಕೊಳ್ಳಬೇಕಾದುದು

ಗಾಳಿಯಾಡದ ಇಕ್ಕಟ್ಟಿನ ಜಾಗದಲ್ಲಿ ಉಸಿರಿನ ಮೂಲಕ ಸೋಂಕು ಸುಲಭವಾಗಿ ಹರಡುತ್ತದೆ. ಕೊರೊನಾ ಮಾತ್ರವಲ್ಲ, ಕ್ಷಯ, ಶೀತಜ್ವರಗಳೂ ಹೀಗೆಯೇ. ಆದುದರಿಂದ ಬಸ್ಸಿನ ಕಿಟಕಿ ತೆರೆದಿಡುವುದು, ಕೆಮ್ಮಿರುವಾಗ ಮುಖಗವಸು ಧರಿಸುವುದು, ಉಗುಳದಿರುವುದು, ಇಳಿಯುವವರು ಇಳಿದ ಮೇಲೆ ಏರುವುದು ಇವು ಭಯ ಹೋದರೂ ಉಳಿಯಬೇಕಾದ ನಡವಳಿಕೆಗಳು. ನಿಲ್ದಾಣಗಳಲ್ಲಿ ಬಳಿದಿದ್ದ ಬಿಳಿಯ ವೃತ್ತಗಳು ಅಳಿಸಿಹೋಗಿವೆ. ಅವುಗಳೊಡನೆ ಸರದಿಯೂ ಅಳಿಸಿಹೋಗಬೇಕಾಗಿಲ್ಲ. ಮೆಟ್ಟಿಲಲ್ಲಿ ಜೋತುಬಿದ್ದು ಹೋಗುವ ಹುಡುಗರಿಗೆ ಅದರ ಅಪಾಯವನ್ನು ಬಿಡಿಸಿ ಹೇಳಬೇಕು.

ಬಿಡಬೇಕಾದುದು

ಆ ದಿನಗಳಲ್ಲಿ ‘ಸಾಮಾಜಿಕ ಅಂತರ’ ಎಂಬ ಮಾತು ಎಲ್ಲೆಡೆ ಕೇಳಿಬಂದಿತು. ಬೇಕಾಗಿದ್ದುದು ದೈಹಿಕ ಅಂತರ ಮಾತ್ರ. ಸಮಾಜದಲ್ಲಿ ಅಂತರವೆಂಬುದಕ್ಕೆ ನಮ್ಮಲ್ಲಿ ಬೇರೆಯೇ ಇತಿಹಾಸವಿದೆ. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಮದರಾಸು ಪ್ರಾಂತ್ಯದ ಕೆಲವು ಖಾಸಗಿ ಬಸ್ಸುಗಳು ದಲಿತರನ್ನು ಹತ್ತಿಸಿಕೊಳ್ಳುತ್ತಿರಲಿಲ್ಲ. ರಾಮನಾಥಪುರ ಜಿಲ್ಲಾ ಮಂಡಳಿಯ ಅಧ್ಯಕ್ಷರಾಗಿದ್ದ ಡಬ್ಲ್ಯು.ಪಿ.ಎ. ಸೌಂದರಪಾಂಡಿಯನ್ ಅವರು, ಹಾಗೆ ಮಾಡುವ ಬಸ್ಸುಗಳ ಪರವಾನಗಿಯನ್ನು ರದ್ದುಗೊಳಿಸುವುದಾಗಿ ಆದೇಶಿಸಿದರು. ಸಂವಿಧಾನದ 17ನೆಯ ವಿಧಿ ಅಸ್ಪೃಶ್ಯತೆಯನ್ನೇ ನಿಷೇಧಿಸಿದೆ. ಸೋಂಕಿಗಾಗಿ ಬಿಟ್ಟ ಆರು ಅಡಿಯ ಜಾಗ ರೋಗದೊಡನೆ ಮುಗಿಯಿತು. ಒಬ್ಬರ ಬಟ್ಟೆ, ಬೆವರು, ಜಾತಿ ಅಥವಾ ಮಾತನ್ನು ಕಂಡು ಪಕ್ಕದ ಆಸನದಿಂದ ಏಳುವುದು ಆರೋಗ್ಯದ ಎಚ್ಚರವಲ್ಲ, ಅವಮಾನ. ಈ ಭೇದವನ್ನು ಮಕ್ಕಳು ಸ್ಪಷ್ಟವಾಗಿ ಗ್ರಹಿಸುವುದೇ ಪಾಠದ ತಿರುಳು.

ಭಾಷೆಯ ಕಡೆಯಿಂದ

ನಮ್ಮ ಮಕ್ಕಳಿಗೆ ಮನೆಯಲ್ಲಿ ಕನ್ನಡ, ಬಸ್ಸಿನಲ್ಲಿ ತಮಿಳು. ಸಂಕೋಚದಿಂದ ಬಾಯಿ ತೆರೆಯದ ಮಗು ಕೇಳುವ ಬದಲು ತಳ್ಳಿಕೊಂಡು ಹೋಗುತ್ತದೆ. ನೋಡುವವರಿಗೆ ಅದು ಒರಟುತನವಾಗಿ ತೋರುತ್ತದೆ. ‘ಸ್ವಲ್ಪ ಜರುಗಿ’ ಎಂಬುದನ್ನು ‘ಕೊಂಜಂ ನಗರುಂಗ’ ಎಂದೂ ಹೇಳಿಸಿ ಅಭ್ಯಾಸ ಮಾಡಿಸಿರಿ. ‘ಕೊಂಜಂ’ ನಮ್ಮ ‘ಕೊಂಚ’ವೇ, ‘ನಿಲ್ಲು’, ‘ಏರು’ ಎಂಬ ಧಾತುಗಳು ಎರಡು ಭಾಷೆಗಳಿಗೂ ಸಮಾನ. ಕನ್ನಡದ ‘ನಿಲ್ಲಿ’ಯಲ್ಲಿರುವ ಮರ್ಯಾದೆಯ ಬಹುವಚನ ತಮಿಳಿನ ‘ನಿಲ್ಲುಂಗ’ದಲ್ಲಿಯೂ ಇದೆ.

ಚಟುವಟಿಕೆಗಳು

1. ಬೆಂಚುಗಳನ್ನು ಬಸ್ಸಿನಂತೆ ಜೋಡಿಸಿರಿ. ನಿರ್ವಾಹಕ, ಗರ್ಭಿಣಿ, ಅಂಧ ಪ್ರಯಾಣಿಕ, ಹೊರೆ ಹೊತ್ತ ಅಜ್ಜಿ, ವಿದ್ಯಾರ್ಥಿಗಳು ಎಂಬ ಪಾತ್ರಗಳನ್ನು ಹಂಚಿ ಅಭಿನಯಿಸಿರಿ. ಬಳಿಕ ಪಾತ್ರಗಳನ್ನು ಅದಲುಬದಲು ಮಾಡಿರಿ.
2. ಬಸ್ಸಿಲ್ಲದ ದಿನಗಳಲ್ಲಿ ಕೆಲಸಕ್ಕೆ, ಆಸ್ಪತ್ರೆಗೆ ಹೇಗೆ ಹೋದರೆಂದು ಮನೆಯ ಹಿರಿಯರನ್ನು ಕೇಳಿ, ಹತ್ತು ವಾಕ್ಯಗಳನ್ನು ಬರೆಯಲಿ.
3. ಒಂದು ವಾರ ತಾವು ಬಸ್ಸಿನಲ್ಲಿ ಕಂಡ ಒಳ್ಳೆಯ ನಡವಳಿಕೆಯನ್ನು ಮಾತ್ರ ದಾಖಲಿಸಲಿ. ಯಾರ ಹೆಸರೂ ಬೇಡ.

ಮೌಲ್ಯಮಾಪನ

‘ಅಂತರ ಕಾಯ್ದುಕೊಳ್ಳುವುದು ಯಾವಾಗ ಉಪಕಾರ, ಯಾವಾಗ ಅಪಚಾರ?’ ತಲಾ ಒಂದು ಉದಾಹರಣೆಯೊಡನೆ ಉತ್ತರಿಸಲಿ.

ಶಿಕ್ಷಕರ ಗಮನಕ್ಕೆ

ಕೋವಿಡ್‌ನಲ್ಲಿ ಮನೆಯವರನ್ನು ಕಳೆದುಕೊಂಡ ಮಕ್ಕಳು ತರಗತಿಯಲ್ಲಿರಬಹುದು. ಎರಡನೆಯ ಚಟುವಟಿಕೆಯನ್ನು ಯಾರ ಮೇಲೂ ಹೇರಬೇಡಿರಿ. ಅಂಥವರಿಗೆ ಮೂರನೆಯದನ್ನು ಕೊಡಿರಿ. ನಮ್ಮಲ್ಲಿ ಅನೇಕರು ಅದೇ ಬಸ್ಸಿನಲ್ಲಿ ಶಾಲೆಗೆ ಬರುವವರು. ನಾವು ಯಾರಿಗೆ ಆಸನ ಬಿಟ್ಟುಕೊಟ್ಟೆವು, ಯಾರ ಪಕ್ಕದಲ್ಲಿ ಕುಳಿತೆವು ಎಂಬುದನ್ನು ಹಿಂದಿನ ಸಾಲಿನ ಮಕ್ಕಳು ನೋಡಿಯೇ ಇರುತ್ತಾರೆ.