ಸೈಲೆನ್ಸರ್ ಬದಲಾಯಿತು, ಪಿಕಪ್ ಹೆಚ್ಚಿತೇ?

ಪ್ರಶ್ನೆ: ನನಗೆ 23 ವರ್ಷ. ಕೆ.ಆರ್. ಪುರಂನಲ್ಲಿ ಮನೆ, ಇಂದಿರಾನಗರದಲ್ಲಿ ಕೆಲಸ. ಕಾರ್ಬೊರೇಟರ್ ಇರುವ 150 ಸಿಸಿ ಪಲ್ಸರ್ ಓಡಿಸುತ್ತೇನೆ. ಸಂಬಳದಲ್ಲಿ ಉಳಿಸಿದ ದುಡ್ಡಿನಲ್ಲಿ ಶಿವಾಜಿನಗರದಲ್ಲಿ ಫ್ರೀ ಫ್ಲೋ ಸೈಲೆನ್ಸರ್, ಬೇರೆ ಏರ್ ಫಿಲ್ಟರ್ ಹಾಕಿಸಿ ಕಾರ್ಬೊರೇಟರ್ ಜೆಟ್ ಬದಲಿಸಿದೆ. ಮೊದಲ ದಿನ ಬೈಕ್ ಹಾರಿದಂತೆ ಅನ್ನಿಸಿತು. ಈಗ ಗೆಳೆಯರು ರಾತ್ರಿ ಹಳೇ ಮದ್ರಾಸ್ ರಸ್ತೆಯಲ್ಲಿ ಮೊಬೈಲ್ ಹಿಡಿದು 0-80 ಟೈಮಿಂಗ್ ತೆಗೆದರೆ ಒಂದೊಂದು ಸಲ ಒಂದೊಂದು ಬರುತ್ತದೆ, ಕೆಲವು ಸಲ ಮೊದಲಿಗಿಂತ ನಿಧಾನ. ಕ್ಯಾಮ್ ಬದಲಿಸಿದರೆ ಸರಿಹೋಗುತ್ತದೆ ಎನ್ನುತ್ತಾರೆ ಮೆಕ್ಯಾನಿಕ್. ಅಪ್ಪನಿಗೆ ಈ ಖರ್ಚು ಗೊತ್ತಿಲ್ಲ. ದುಡ್ಡು ದಂಡವಾಯಿತೇ? ಇನ್ನೂ ಹಾಕಲೇ?

ಉತ್ತರ: ಸದ್ಯಕ್ಕೆ ಇನ್ನೊಂದು ರೂಪಾಯಿಯನ್ನೂ ಹಾಕಬೇಡಿ. ಹಾಕಿದ್ದು ದಂಡವಾಯಿತೋ ಇಲ್ಲವೋ ಎಂದು ಈಗ ಯಾರೂ ಹೇಳಲಾರರು, ನಿಮ್ಮ ಮೆಕ್ಯಾನಿಕ್ ಕೂಡ. ನೀವು ತೆಗೆದ ಟೈಮಿಂಗ್‌ಗಳಲ್ಲಿ ಆ ಉತ್ತರ ಇಲ್ಲ.

ಯಾಕೆಂದು ನೋಡಿ. ನೀವು ಮತ್ತು ಬೈಕ್ ಸೇರಿ ಸುಮಾರು 220 ಕೆ.ಜಿ. ಎಂದುಕೊಳ್ಳೋಣ. ಹದಿನೈದು ಲೀಟರ್ ಟ್ಯಾಂಕ್ ತುಂಬಿದ್ದರೆ ಅದರಲ್ಲೇ 11 ಕೆ.ಜಿ. ಪೆಟ್ರೋಲ್. ಟ್ಯಾಂಕ್ ತುಂಬಿದ ದಿನಕ್ಕೂ ಖಾಲಿಯಾಗುತ್ತಾ ಬಂದ ದಿನಕ್ಕೂ ತೂಕದಲ್ಲೇ ಶೇ 5ರಷ್ಟು ವ್ಯತ್ಯಾಸ. ಬೆಳಗಿನ 20 ಡಿಗ್ರಿಗೂ ಮಧ್ಯಾಹ್ನದ 34 ಡಿಗ್ರಿಗೂ ನಡುವೆ ಗಾಳಿ ಶೇ 4ಕ್ಕಿಂತ ಹೆಚ್ಚು ತೆಳುವಾಗುತ್ತದೆ, ಎಂಜಿನ್ ಎಳೆದುಕೊಳ್ಳುವ ಆಮ್ಲಜನಕವೂ ಅಷ್ಟೇ ಕಡಿಮೆ. ಇನ್ನು ರಸ್ತೆ. ಕಣ್ಣಿಗೆ ಸಮತಟ್ಟಾಗಿ ಕಾಣುವ ಕಡೆಯೂ ನೂರು ಮೀಟರಿಗೆ ಒಂದು ಮೀಟರ್ ಏರು ಇರಬಹುದು. ಮೂರನೇ ಗೇರಿನಲ್ಲಿ 40ರಿಂದ 60ಕ್ಕೆ ಏರಲು ಮೂರು ಸೆಕೆಂಡ್ ಬೇಕಾಗುವ ಬೈಕಿಗೆ, ಆ ಏರನ್ನು ಹತ್ತುವಾಗಿನ ಮತ್ತು ಇಳಿಯುವಾಗಿನ ಸಮಯದ ನಡುವೆ ಸೆಕೆಂಡಿನ ಮೂರನೇ ಒಂದು ಭಾಗದಷ್ಟು ಅಂತರ ಬೀಳುತ್ತದೆ. ಸೈಲೆನ್ಸರ್ ಮತ್ತು ಫಿಲ್ಟರ್‌ನಿಂದ ನೀವು ನಿರೀಕ್ಷಿಸಬಹುದಾದ ಲಾಭ ಬಹುಶಃ ಸೆಕೆಂಡಿನ ಹತ್ತನೇ ಒಂದು ಭಾಗ. ಗೆಳೆಯನ ಹೆಬ್ಬೆರಳು ಸ್ಟಾಪ್‌ವಾಚ್ ಒತ್ತುವುದೇ ಅದಕ್ಕಿಂತ ತಡವಾಗಿ. ತರಕಾರಿ ತೂಗುವ ತಕ್ಕಡಿಯಲ್ಲಿ ಚಿನ್ನ ತೂಗಿದಂತಾಗಿದೆ.

0-80 ಎಂಬ ಲೆಕ್ಕವೇ ಈ ಕೆಲಸಕ್ಕೆ ಒಗ್ಗುವುದಿಲ್ಲ. ಕ್ಲಚ್ ಬಿಟ್ಟ ರೀತಿ, ಗೇರ್ ಬದಲಿಸಿದ ಚುರುಕು, ಟೈರ್ ಹಿಡಿತ, ಎಲ್ಲ ಅದರಲ್ಲಿ ಸೇರಿಹೋಗುತ್ತವೆ. ನಾಲ್ಕು ದಿನ ಅಭ್ಯಾಸ ಮಾಡಿದರೆ ಬೈಕಿಗೆ ಏನೂ ಮಾಡದೆಯೇ ಟೈಮಿಂಗ್ ಸುಧಾರಿಸುತ್ತದೆ. ಎಂಜಿನ್ ಬಗ್ಗೆ ತಿಳಿಯಬೇಕಾದರೆ ಒಂದೇ ಗೇರಿನಲ್ಲಿ, ನಿಗದಿ ವೇಗದಿಂದ ಆಕ್ಸಿಲರೇಟರ್ ಪೂರ್ತಿ ತಿರುಗಿಸಿ, ಇನ್ನೊಂದು ನಿಗದಿ ವೇಗ ಮುಟ್ಟುವ ಹೊತ್ತನ್ನು ಅಳೆಯಬೇಕು. ಬರೀ ಮೊಬೈಲ್ ಆ್ಯಪ್ ಸಾಲದು. ಸಾಮಾನ್ಯ ಫೋನಿನ ಜಿಪಿಎಸ್ ಸೆಕೆಂಡಿಗೊಮ್ಮೆ ವೇಗ ಹೇಳುತ್ತದೆ, ಅಷ್ಟರಲ್ಲಿ ನಿಮ್ಮ ಬೈಕ್ ಗಂಟೆಗೆ 6 ಕಿ.ಮೀ.ಗೂ ಹೆಚ್ಚು ವೇಗ ಗಳಿಸಿರುತ್ತದೆ. ಸೆಕೆಂಡಿಗೆ ಹತ್ತು ಸಲ ಅಳೆಯುವ ಜಿಪಿಎಸ್ ಲಾಗರ್ ಬೇಕು. ಸ್ನೇಹಿತರೆಲ್ಲ ಸೇರಿ ಒಂದನ್ನು ಕೊಂಡರೂ ಆದೀತು.

ಎಲ್ಲಕ್ಕಿಂತ ಮುಖ್ಯವಾದದ್ದನ್ನು ಯಾರೂ ಮಾಡುವುದಿಲ್ಲ. ಏನನ್ನೂ ಬದಲಿಸದೆ ಅದೇ ಬೈಕನ್ನು ಹಲವು ಸಲ ಅಳೆಯಬೇಕು. ಆ ಅಂಕಿಗಳು ತಮ್ಮಷ್ಟಕ್ಕೆ ಎಷ್ಟು ಏರಿಳಿಯುತ್ತವೆ ಎಂದು ಗೊತ್ತಾದ ಮೇಲಷ್ಟೇ ‘ಸುಧಾರಿಸಿತು’ ಎನ್ನಲು ನಮಗೆ ಹಕ್ಕು ಬರುವುದು. ಹಳೆಯ ಸೈಲೆನ್ಸರನ್ನು ಗುಜರಿಗೆ ಕೊಟ್ಟಿಲ್ಲವೆಂದು ಆಶಿಸುತ್ತೇನೆ. ಮೊದಲು ಚೈನ್, ಟೈರ್ ಗಾಳಿ, ಪ್ಲಗ್, ಕ್ಲಚ್ ಸರಿಮಾಡಿಸಿ. ಇಲ್ಲವಾದರೆ ಸರ್ವೀಸಿನ ಪುಣ್ಯ ಸೈಲೆನ್ಸರ್ ಪಾಲಾಗುತ್ತದೆ. ಆಮೇಲೆ ಒಂದೇ ದಿನ ಹಳೆಯ ಸಾಮಾನು ಮತ್ತು ಹಳೆಯ ಜೆಟ್ ಹಾಕಿ ಅಳೆಯಿರಿ, ಹೊಸದನ್ನು ಹಾಕಿ ಅಳೆಯಿರಿ, ಪುನಃ ಹಳೆಯದಕ್ಕೆ ಮರಳಿ ಅಳೆಯಿರಿ. ಎರಡು ದಿಕ್ಕಿನಲ್ಲೂ ಓಡಿಸಿ ಸರಾಸರಿ ತೆಗೆಯಿರಿ. ಹಳೆಯದರ ಮೊದಲ ಮತ್ತು ಕೊನೆಯ ಅಳತೆ ಒಂದಕ್ಕೊಂದು ಹೊಂದದಿದ್ದರೆ ಆ ದಿನದ ಲೆಕ್ಕವನ್ನೇ ಬಿಟ್ಟುಬಿಡಿ. ನಡುವೆ ಚೈನ್ ಸ್ಪ್ರಾಕೆಟ್ ಮುಟ್ಟಬೇಡಿ. ಮುಂದಿನ ಸ್ಪ್ರಾಕೆಟ್ 14 ಹಲ್ಲಿನಿಂದ 13ಕ್ಕೆ ಇಳಿದರೆ ಹಿಂದಿನ ಚಕ್ರದ ಎಳೆತ ಸುಮಾರು ಶೇ 8 ಹೆಚ್ಚುತ್ತದೆ, ಎಂಜಿನ್‌ಗೆ ಹೊಸ ಶಕ್ತಿಯೇನೂ ಬಂದಿರುವುದಿಲ್ಲ.

ಇಷ್ಟನ್ನೂ ಹಳೇ ಮದ್ರಾಸ್ ರಸ್ತೆಯಲ್ಲಿ ಮಾಡಬೇಡಿ. ಇದನ್ನು ನಿಮ್ಮ ಅಣ್ಣನ ಜಾಗದಲ್ಲಿ ನಿಂತು ಹೇಳುತ್ತಿದ್ದೇನೆ. ರಾತ್ರಿ ಹನ್ನೆರಡಕ್ಕೂ ಅಲ್ಲಿ ಲಾರಿ ತಿರುಗುತ್ತದೆ, ಪಾಳಿ ಮುಗಿಸಿದವರು ರಸ್ತೆ ದಾಟುತ್ತಾರೆ. ಸಾರ್ವಜನಿಕ ರಸ್ತೆಯಲ್ಲಿ ರೇಸ್ ಅಥವಾ ವೇಗದ ಪಂದ್ಯ ನಡೆಸಿದರೆ, 2019ರ ತಿದ್ದುಪಡಿಯ ನಂತರ ಮೊದಲ ಸಲವೇ 5,000 ರೂ.ವರೆಗೆ ದಂಡ ಅಥವಾ ಮೂರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಆಗಬಹುದು. ನಿಮಗೆ ಬೇಕಿರುವುದು ಡೈನೊ, ಅಂದರೆ ಬೈಕನ್ನು ನಿಂತಲ್ಲೇ ಓಡಿಸಿ ಶಕ್ತಿ ಅಳೆಯುವ ಯಂತ್ರ. ನಮ್ಮ ಬೆಂಗಳೂರಿನಲ್ಲಿ ಡೈನೊ ಇಟ್ಟುಕೊಂಡ ಗ್ಯಾರೇಜುಗಳಿವೆ. ಹಿಂದಿನ ಚಕ್ರ ರೋಲರ್ ಮೇಲೆ ತಿರುಗುವುದರಿಂದ ಏರು, ಇಳಿಜಾರು, ಎದುರುಗಾಳಿ ಯಾವುದೂ ಲೆಕ್ಕಕ್ಕೆ ಬರುವುದಿಲ್ಲ. ಹಳೆಯದಕ್ಕೂ ಹೊಸದಕ್ಕೂ ಮೂರು ಮೂರು ಓಟ ಕೇಳಿ, ಹವಾಮಾನದ ತಿದ್ದುಪಡಿ ಎರಡಕ್ಕೂ ಒಂದೇ ಇರಲಿ. ಸಮುದ್ರಮಟ್ಟದ ಊರಿನವರ ಅಂಕಿಗಳೊಂದಿಗೆ ಹೋಲಿಸಬೇಡಿ. 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಗಾಳಿಯ ಒತ್ತಡವೇ ಶೇ 10ರಷ್ಟು ಕಡಿಮೆ. ಓಡಿಸಿಯೇ ನೋಡಬೇಕೆಂದರೆ ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ಟ್ರ್ಯಾಕ್ ಇದೆ, ಕೊಯಮತ್ತೂರಿನ ಕರಿ ಮೋಟರ್ ಸ್ಪೀಡ್‌ವೇ ಇದೆ.

ಡೈನೊ ಗ್ರಾಫ್ ಕೈಗೆ ಬಂದಾಗ ತುದಿಯ ಅಂಕಿಯನ್ನಷ್ಟೇ ನೋಡಬೇಡಿ. ಕೆ.ಆರ್. ಪುರಂನಿಂದ ಇಂದಿರಾನಗರದವರೆಗೆ ನಿಮ್ಮ ಎಂಜಿನ್ ತಿರುಗುವುದು ನಾಲ್ಕರಿಂದ ಆರು ಸಾವಿರ ಆರ್‌ಪಿಎಂ ನಡುವೆ ಇರಬೇಕು. ಫ್ರೀ ಫ್ಲೋ ಹಾಕಿದ ಸಣ್ಣ ಫೋರ್ ಸ್ಟ್ರೋಕ್ ಎಷ್ಟೋ ಸಲ ಮೇಲಿನ ಆರ್‌ಪಿಎಂನಲ್ಲಿ ಚೂರು ಗಳಿಸಿ ಆ ನಡುವಿನ ಭಾಗದಲ್ಲೇ ಕಳೆದುಕೊಳ್ಳುತ್ತದೆ.

ನಿಮ್ಮ ಮೆಕ್ಯಾನಿಕ್ ಮೋಸಗಾರರೆಂದು ನನಗನ್ನಿಸುವುದಿಲ್ಲ. ಶಿವಾಜಿನಗರದ ಗಲ್ಲಿಗಳ ಕೈಚಳಕ ಟೂ ಸ್ಟ್ರೋಕ್ ಕಾಲದಲ್ಲಿ ಪಳಗಿದ್ದು. 1985ರಿಂದ 1996ರವರೆಗೆ ಬಂದ ಆರ್‌ಎಕ್ಸ್ 100 ಬೈಕ್, ಅದಕ್ಕೂ ಮೊದಲು ಮೈಸೂರಿನ ಯೆಜ್ಡಿ. ಟೂ ಸ್ಟ್ರೋಕ್‌ನಲ್ಲಿ ಸೈಲೆನ್ಸರಿನ ಹೊಟ್ಟೆಯ ಆಕಾರವೇ ಎಂಜಿನ್ನಿನ ಒಂದು ಅಂಗ. ಅಲ್ಲಿಂದ ಮರಳುವ ಒತ್ತಡದ ಅಲೆ, ಪೋರ್ಟಿನಿಂದ ಜಾರಿಹೋಗುತ್ತಿದ್ದ ಹೊಸ ಇಂಧನವನ್ನು ವಾಪಸ್ ಸಿಲಿಂಡರಿಗೆ ತಳ್ಳುತ್ತದೆ. ಒಳ್ಳೆಯ ಸೈಲೆನ್ಸರ್ ಚೇಂಬರ್ ಹಾಕಿ ಪೋರ್ಟ್ ಉಜ್ಜಿದ ಆರ್‌ಎಕ್ಸ್ ನಿಜಕ್ಕೂ ಬೇರೆಯೇ ಬೈಕ್ ಆಗುತ್ತಿತ್ತು. ನಿಮ್ಮ ಫೋರ್ ಸ್ಟ್ರೋಕ್ ಪಲ್ಸರ್‌ನಲ್ಲಿ ಹೊಗೆ ಹೊರಹೋಗುವ ಆ ಬಾಗಿಲನ್ನು ವಾಲ್ವ್ ಮುಚ್ಚುತ್ತದೆ, ಸೈಲೆನ್ಸರಿಗೆ ಅಷ್ಟು ದೊಡ್ಡ ಕೆಲಸ ಉಳಿದಿಲ್ಲ. ಆದರೂ ಟೂ ಸ್ಟ್ರೋಕ್ ಕಾಲದ ಭರವಸೆಯೇ ಇಲ್ಲಿಗೂ ಬಂದುಬಿಟ್ಟಿದೆ. ಸದ್ದು ಜೋರಾದಾಗ ಕಿವಿ ಅದನ್ನು ವೇಗವೆಂದೇ ನಂಬುತ್ತದೆ, ಮೊದಲ ದಿನ ನಿಮಗೆ ಆದದ್ದೂ ಬಹುಶಃ ಅದೇ. ಅದೇ ಶಿವಾಜಿನಗರದ ಬೌರಿಂಗ್ ಆಸ್ಪತ್ರೆಯ ವಾರ್ಡಿನಲ್ಲಿ ಮಲಗಿದವರಿಗೂ ಅದೇ ಸದ್ದು ಕೇಳಿಸುತ್ತದೆ ಎಂಬುದನ್ನು ದಯವಿಟ್ಟು ಯೋಚಿಸಿ.

ಕ್ಯಾಮ್ ವಿಷಯ ಡೈನೊ ಹಾಳೆ ಬರುವವರೆಗೆ ಬೇಡ. ಅಷ್ಟರೊಳಗೆ ಪ್ಲಗ್ ಬಿಚ್ಚಿ ನೋಡಿ. ತುದಿ ಸುಣ್ಣದಂತೆ ಬೆಳ್ಳಗಿದ್ದರೆ ಪೆಟ್ರೋಲ್ ಸಾಲದೆ ಎಂಜಿನ್ ಬಿಸಿಯಾಗುತ್ತಿರಬಹುದು, ಜೆಟ್ಟನ್ನು ತಕ್ಷಣ ಸರಿಪಡಿಸಬೇಕು. ಪರೀಕ್ಷೆ ಮುಗಿದ ಮೇಲೆ ರಸ್ತೆಗೆ ಕಂಪನಿಯ ಸೈಲೆನ್ಸರನ್ನೇ ಹಾಕಿಕೊಳ್ಳಿ. ಅನುಮತಿಯಿಲ್ಲದ ಒಂದೊಂದು ಬದಲಾವಣೆಗೂ 5,000 ರೂ. ದಂಡ ವಿಧಿಸಲು ಕಾನೂನಿನಲ್ಲಿ ಅವಕಾಶವಿದೆ, ಅಪಘಾತವಾದರೆ ವಿಮೆಯವರೂ ತಕರಾರು ತೆಗೆಯಬಹುದು. ಅಪ್ಪನಿಗೆ ಖರ್ಚಿನ ಮೊತ್ತವನ್ನು ಈ ವಾರವೇ ಹೇಳಿ. ನಿಮ್ಮದೇ ಸಂಬಳ, ಸಾಲ ಮಾಡಿಲ್ಲ. ಒಂದೆರಡು ದಿನ ಬೈದಾರು, ಅಷ್ಟೆ. ಡೈನೊಗೆ ಹೋಗುವ ದಿನ ಅವರನ್ನೂ ಕರೆದುಕೊಂಡು ಹೋಗಿ.