ಗಣಿತ ಮತ್ತು ಭಾಷಾಪಾಠಗಳಲ್ಲಿ ಪದಗಳ ಪುನರಾವರ್ತನೆ

ಕಾಸರಗೋಡಿನ ಈ ನೆಲದಲ್ಲಿ ಐದರಿಂದ ಏಳನೆಯ ತರಗತಿಯವರೆಗಿನ ಮಕ್ಕಳಿಗೆ ನಾನು ಬಹುಕಾಲ ಗಣಿತವನ್ನೂ ಕನ್ನಡವನ್ನೂ ಬೋಧಿಸಿದವನು. ಪರೀಕ್ಷೆ ಸಮೀಪಿಸಿದಾಗ ಲೆಕ್ಕಗಳನ್ನು ಮತ್ತೆ ಮತ್ತೆ ಮಾಡಿಸುವ ನಾವು ಪದಗಳ ಪುನರಾವರ್ತನೆಯನ್ನು ಅಲಕ್ಷಿಸುತ್ತೇವೆ. ಅದರ ಪರಿಣಾಮವನ್ನು ನನಗೆ ಮನಗಾಣಿಸಿದವಳು ಏಳನೆಯ ತರಗತಿಯ ಓರ್ವ ವಿದ್ಯಾರ್ಥಿನಿ.

200 ರೂಪಾಯಿಗೆ ಕೊಂಡ ವಸ್ತುವನ್ನು 220 ರೂಪಾಯಿಗೆ ಮಾರಿದರೆ ಶೇಕಡಾ ಲಾಭವೆಷ್ಟು ಎಂಬ ಪ್ರಶ್ನೆಗೆ ಅವಳು ‘10 ಶತಮಾನ’ ಎಂದು ಬರೆದಿದ್ದಳು. ನಾನು ಕೆಂಪು ಗೆರೆಯೆಳೆದು, “ಸಾವಿರ ವರ್ಷ ಲಾಭವೇ?” ಎಂದು ಎಲ್ಲರೆದುರು ನಗೆಯಾಡಿದೆ. ಮರುದಿನದಿಂದ ಅವಳು ಉತ್ತರ ಹೇಳಲು ಕೈಯೆತ್ತುವುದನ್ನೇ ಬಿಟ್ಟಳು. ನೆರೆಮನೆಯ ಮಲಯಾಳ ಮಾಧ್ಯಮದ ಮಕ್ಕಳೊಡನೆ ಕುಳಿತು ಅವಳು ಓದುತ್ತಿದ್ದಳೆಂದು ಅನಂತರ ತಿಳಿಯಿತು. ಮಲಯಾಳದಲ್ಲಿ ‘ಶತಮಾನ’ವೆಂದರೆ ಶೇಕಡಾ. ಅವಳ ಲೆಕ್ಕ ಸರಿಯಾಗಿತ್ತು, ತಪ್ಪಿದವನು ನಾನು.

1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿತು. ನಮ್ಮ ಮಕ್ಕಳ ಕಿವಿಗೆ ಎರಡು ಭಾಷೆಗಳೂ ನಿತ್ಯ ಬೀಳುತ್ತವೆ. ಎರಡೂ ಸಂಸ್ಕೃತದಿಂದ ಪದಗಳನ್ನು ಪಡೆದಿದ್ದರೂ ಅರ್ಥ ಎಲ್ಲೆಡೆ ಒಂದೇ ಅಲ್ಲ. ಲಂಬಕೋನ ತ್ರಿಭುಜದ ಅತಿ ದೊಡ್ಡ ಬಾಹುವನ್ನು ಕನ್ನಡದಲ್ಲಿ ಸಾಮಾನ್ಯವಾಗಿ ‘ವಿಕರ್ಣ’ವೆಂದೂ, ಚತುರ್ಭುಜದ ಎದುರುಬದುರು ಶೃಂಗಗಳನ್ನು ಸೇರಿಸುವ ರೇಖೆಯನ್ನು ‘ಕರ್ಣ’ವೆಂದೂ ಕರೆಯುತ್ತೇವೆ. ಮಲಯಾಳದಲ್ಲಿ ಇವೆರಡೂ ಅದಲುಬದಲು. ಭಾಷಾಪಾಠದಲ್ಲಿಯೂ ಹೀಗೆಯೇ. ಕನ್ನಡದ ‘ಉಪನ್ಯಾಸ’ ಕೇಳುವಂಥದು; ಮಲಯಾಳದ ‘ಉಪನ್ಯಾಸ’ ಬರೆಯುವ ಪ್ರಬಂಧ. ನಮಗೆ ‘ಅವಧಿ’ಯೆಂದರೆ ಪಾಠದ ವೇಳೆ, ಅಲ್ಲಿ ಅದು ಮಕ್ಕಳಿಗೆ ಪ್ರಿಯವಾದ ರಜೆ!

ಪದದ ರಚನೆಯನ್ನು ಬಿಡಿಸಿ ತೋರಿಸಿದರೆ ವ್ಯಾಕರಣವೂ ಗಣಿತವೂ ಪರಸ್ಪರ ನೆರವಾಗುತ್ತವೆ. ಪೂಜಿಸುವವನು ಪೂಜಕ, ಪೂಜೆಗೆ ಅರ್ಹನಾದವನು ಪೂಜ್ಯ. ಹಾಗೆಯೇ ಭಾಗಿಸುವುದು ಭಾಜಕ, ಭಾಗಿಸಲ್ಪಡುವುದು ಭಾಜ್ಯ. ಗುಣಿಸುವುದು ಗುಣಕ, ಗುಣಿಸಲ್ಪಡುವುದು ಗುಣ್ಯ. ಮಕ್ಕಳನ್ನು ಅತಿಯಾಗಿ ಕಾಡುವ ಜೋಡಿ ‘ಅಪವರ್ತನ’ ಮತ್ತು ‘ಅಪವರ್ತ್ಯ’. 12ನ್ನು ನಿಶ್ಶೇಷವಾಗಿ ಭಾಗಿಸುವ 1, 2, 3, 4, 6, 12 ಅದರ ಅಪವರ್ತನಗಳು. 12ರಿಂದ ನಿಶ್ಶೇಷವಾಗಿ ಭಾಗಿಸಲ್ಪಡುವ 12, 24, 36 ಮೊದಲಾದುವು ಅಪವರ್ತ್ಯಗಳು. ಭಾಜ್ಯದಲ್ಲಿರುವ ‘ಯ’ಕಾರವೇ ಅಪವರ್ತ್ಯದಲ್ಲಿಯೂ ಇದೆಯೆಂದು ತೋರಿಸಿದ ಬಳಿಕ ಮ.ಸಾ.ಅ., ಲ.ಸಾ.ಅ.ಗಳಲ್ಲಿ ಗೊಂದಲ ಬಹಳಷ್ಟು ಕಡಿಮೆಯಾದುದನ್ನು ಕಂಡಿದ್ದೇನೆ. ‘ದಶಾಂಶ’ವನ್ನು ದಶ + ಅಂಶವೆಂದು ಬಿಡಿಸಿದರೆ ಸವರ್ಣದೀರ್ಘ ಸಂಧಿಯ ಉದಾಹರಣೆಯೂ ಆಯಿತು, ಹತ್ತನೆಯ ಒಂದು ಭಾಗವೆಂಬ ಅರ್ಥವೂ ಹೊಳೆಯಿತು.

ಪುನರಾವರ್ತನೆಗೆ ನಾನು ಅನುಸರಿಸಿದ ಕ್ರಮ ಸರಳವಾದುದು. ವಾರಕ್ಕೆ ಹತ್ತು ಪದಗಳು ಸಾಕು. ಪ್ರತಿಯೊಂದನ್ನೂ ವಿದ್ಯಾರ್ಥಿಯು ತನ್ನ ಮಾತಿನಲ್ಲಿ ವಿವರಿಸಬೇಕು, ಚಿತ್ರ ಅಥವಾ ಉದಾಹರಣೆ ಕೊಡಬೇಕು, ವಾಕ್ಯದಲ್ಲಿ ಪ್ರಯೋಗಿಸಬೇಕು, ನೆರೆಭಾಷೆಯಲ್ಲಿ ಅದಕ್ಕೆ ಬೇರೆ ಅರ್ಥವಿದ್ದರೆ ಅದನ್ನೂ ಬರೆದಿಡಬೇಕು. ಕೇವಲ ಬಾಯಿಪಾಠವನ್ನು ಪುನರಾವರ್ತನೆಯೆನ್ನಲಾಗದು.

ಕನ್ನಡ ಮಾಧ್ಯಮದಲ್ಲಿ ಗಣಿತ ಕಠಿಣವೆಂದು ಹೇಳಿ ಮಕ್ಕಳನ್ನು ಬೇರೆಡೆ ಸೇರಿಸುವ ಹೆತ್ತವರಿದ್ದಾರೆ. ಕಠಿಣವಾಗಿರುವುದು ಕನ್ನಡವಲ್ಲ, ಅರ್ಥ ಹೇಳದೆ ಬಿಟ್ಟ ಪದ. ಆ ಹೊಣೆ ಅಧ್ಯಾಪಕರಾದ ನಮ್ಮದು.

ಮುಂದಿನ ವಾರ ಎರಡು ‘ಶತಮಾನ’ಗಳನ್ನೂ ಕಪ್ಪುಹಲಗೆಯ ಮೇಲೆ ಬರೆದು, ಅದೇ ತರಗತಿಯ ಮುಂದೆ ನನ್ನ ತಪ್ಪನ್ನು ಒಪ್ಪಿಕೊಂಡೆ. ಆ ಹುಡುಗಿ ಮತ್ತೆ ಕೈಯೆತ್ತಲು ಇನ್ನೂ ಹದಿನೈದು ದಿನ ಬೇಕಾಯಿತು. ಸುವರ್ಣ ಮಹೋತ್ಸವದ ಈ ಶುಭ ಸಂದರ್ಭದಲ್ಲಿ ಕಿರಿಯ ಅಧ್ಯಾಪಕ ಮಿತ್ರರಲ್ಲಿ ನನ್ನ ವಿನಂತಿ ಇಷ್ಟೆ: ಮಗುವಿನ ಉತ್ತರಕ್ಕೆ ಕೆಂಪು ಗೆರೆಯೆಳೆಯುವ ಮುನ್ನ, ಅದು ಬಳಸಿದ ಪದದ ಅರ್ಥವನ್ನು ಅದರ ಬಾಯಿಂದಲೇ ಕೇಳಿರಿ.