ಕೋಶಕ್ಕೆ ತನ್ನ ನೆಲೆ ತಿಳಿಯುವ ಬಗೆ

ಆನೆಯಾಗಲಿ ನೊಣವಾಗಲಿ, ಫಲಿತವಾದ ಒಂದೇ ಅಂಡಕೋಶದಿಂದ ತನ್ನ ಬಾಳನ್ನು ಆರಂಭಿಸುತ್ತದೆ. ಆ ಒಂದು ಕೋಶವು ಎರಡಾಗಿ, ಎರಡು ನಾಲ್ಕಾಗಿ, ಕಡೆಗೆ ಲಕ್ಷೋಪಲಕ್ಷ ಕೋಶಗಳಾಗುವುದನ್ನು ನಾವು ಬಲ್ಲೆವು. ಈ ಕೋಶಗಳಿಗೆಲ್ಲ ತಾಯಿತಂದೆಗಳಿಂದ ಬಂದ ಜೀನುಗಳ ಆಸ್ತಿ ಒಂದೇ. ಹೀಗಿರುವಲ್ಲಿ ಒಂದು ಕೋಶವು ಕಣ್ಣಿನ ಭಾಗವಾಗಬೇಕು, ಇನ್ನೊಂದು ಕಾಲಿನ ಭಾಗವಾಗಬೇಕು ಎಂಬುದು ಹೇಗೆ ನಿಶ್ಚಯವಾಗುತ್ತದೆ? ತಾನು ದೇಹದ ಯಾವ ಎಡೆಯಲ್ಲಿದ್ದೇನೆಂಬುದು ಕೋಶಕ್ಕೆ ತಿಳಿಯುವ ಬಗೆ ಯಾವುದು?

ಒಂದು ಉದಾಹರಣೆಯಿಂದ ಹೊರಡೋಣ. ಉದ್ದವಾದ ಕೋಣೆಯೊಂದರ ಮೂಲೆಯಲ್ಲಿ ಊದುಬತ್ತಿಯನ್ನು ಹಚ್ಚಿಟ್ಟಿದೆ. ಕಣ್ಣು ಮುಚ್ಚಿಕೊಂಡು ಒಳಗೆ ನಿಂತವನು ಕೂಡ ಸುವಾಸನೆ ಬಲವಾಗಿದೆಯೋ ಮಂದವಾಗಿದೆಯೋ ಎಂಬುದರಿಂದಲೇ ಬತ್ತಿಯಿಂದ ತಾನೆಷ್ಟು ದೂರವಿದ್ದೇನೆಂದು ಊಹಿಸಬಲ್ಲನು. ಕೋಶಗಳೂ ಹೀಗೆಯೇ ಮಾಡುತ್ತವೆ ಎಂಬ ವಿಚಾರವನ್ನು ೧೯೬೯ರಲ್ಲಿ ಲೂಯಿಸ್ ವೊಲ್ಪರ್ಟ್ ಎಂಬ ಜೀವವಿಜ್ಞಾನಿಗಳು ಸ್ಪಷ್ಟವಾಗಿ ಮಂಡಿಸಿದರು. ಒಂದು ತುದಿಯಲ್ಲಿ ರಾಸಾಯನಿಕವೊಂದು ಹುಟ್ಟಿ ಹರಡುತ್ತದೆ. ಹರಡುತ್ತ ಹೋದಂತೆ ನಾಶವೂ ಆಗುತ್ತದೆ. ನಾಶವಾಗದಿದ್ದರೆ ನೀರಿನಲ್ಲಿ ಕರಗಿದ ಸಕ್ಕರೆಯಂತೆ ಅದು ಎಲ್ಲೆಡೆಯೂ ಸಮನಾಗಿಬಿಡುತ್ತಿತ್ತು. ಹುಟ್ಟು, ಹರಡುವಿಕೆ, ನಾಶ ಇವು ಮೂರೂ ಕೂಡಿದಾಗ ಸಾಂದ್ರತೆಯ ಒಂದು ಇಳಿಜಾರು ಏರ್ಪಡುತ್ತದೆ. ಸಾಂದ್ರತೆ ಹೆಚ್ಚಾಗಿರುವಲ್ಲಿ ಕೋಶಗಳು ಒಂದು ದಾರಿಯನ್ನೂ, ನಡುವಣ ಮಟ್ಟದಲ್ಲಿ ಇನ್ನೊಂದನ್ನೂ, ತೀರ ಕಡಮೆಯಿರುವಲ್ಲಿ ಮತ್ತೊಂದನ್ನೂ ಹಿಡಿಯುತ್ತವೆ. ಫ್ರಾನ್ಸಿನ ಧ್ವಜದಲ್ಲಿ ನೀಲಿ, ಬಿಳಿ, ಕೆಂಪು ಪಟ್ಟೆಗಳಿರುವಂತೆ ಒಂದೇ ವಸ್ತುವಿನಿಂದ ಮೂರು ವಲಯಗಳಾಗುತ್ತವೆಂದು ವೊಲ್ಪರ್ಟರು ವಿವರಿಸಿದರು. ರೂಪವನ್ನು ನಿರ್ಣಯಿಸುವ ಇಂತಹ ವಸ್ತುವಿಗೆ ಮಾರ್ಫೋಜೆನ್ ಎಂದು ಹೆಸರು. ಈ ಹೆಸರನ್ನು ೧೯೫೨ರಲ್ಲಿಯೇ ಗಣಿತಜ್ಞ ಅಲನ್ ಟ್ಯೂರಿಂಗರು ಬಳಸಿದ್ದರು.

ವಿಚಾರವೇನೋ ಸುಂದರವಾಗಿತ್ತು, ಆದರೆ ಆ ವಸ್ತುವೆಲ್ಲಿ? ಉತ್ತರವು ದೊರೆತದ್ದು, ಮಾಗಿದ ಬಾಳೆಯ ಹಣ್ಣಿಗೆ ಮುತ್ತುವ ಪುಟ್ಟ ಹಣ್ಣಿನ ನೊಣದಲ್ಲಿ. ಇದರ ಮೊಟ್ಟೆಯ ಉದ್ದ ಸುಮಾರು ಅರ್ಧ ಮಿಲಿಮೀಟರು. ಮೊಟ್ಟೆಯಿಟ್ಟ ಮೊದಲ ಎರಡು ಮೂರು ಗಂಟೆಗಳಲ್ಲಿ ಕೋಶಕೇಂದ್ರವು ಮಾತ್ರ ೧೩ ಸಲ ಇಬ್ಭಾಗವಾಗಿ, ಮೇಲ್ಪದರದಲ್ಲಿ ಸುಮಾರು ೬,೦೦೦ ಕೇಂದ್ರಗಳು ಬಂದು ನೆಲೆಸುತ್ತವೆ. ಅವುಗಳ ನಡುವೆ ಇನ್ನೂ ಗೋಡೆಗಳೆದ್ದಿರುವುದಿಲ್ಲ. ತಾಯಿನೊಣವು ಮೊಟ್ಟೆಯನ್ನು ರೂಪಿಸುವಾಗಲೇ ಬೈಕಾಯ್ಡ್ ಎಂಬ ಜೀನಿನ ಆರ್‌ಎನ್‌ಎಯನ್ನು ಅದರ ಮುಂತುದಿಯಲ್ಲಿ ಕೂಡಿಟ್ಟಿರುತ್ತದೆ. ಅದರಿಂದ ತಯಾರಾದ ಪ್ರೋಟೀನು ಹಿಂದಕ್ಕೆ ಹರಡುತ್ತದೆ. ಮೊಟ್ಟೆಯ ಉದ್ದದ ಐದನೆಯ ಒಂದು ಭಾಗವನ್ನು ದಾಟಿದಂತೆಲ್ಲ ಅದರ ಸಾಂದ್ರತೆ ಹೆಚ್ಚುಕಡಮೆ ಮೂರನೆಯ ಒಂದು ಪಾಲಿಗೆ ಇಳಿಯುತ್ತದೆ. ಈ ಲೆಕ್ಕದಂತೆ ಮೊಟ್ಟೆಯ ನಡುವೆ ತಲುಪುವ ವೇಳೆಗೆ ಉಳಿಯುವುದು ತುದಿಯಲ್ಲಿದ್ದುದರ ಹತ್ತರಲ್ಲೊಂದು ಪಾಲಿಗಿಂತಲೂ ಕಡಮೆ. ಆ ಇಳಿಜಾರನ್ನು ಓದಿ ಕೇಂದ್ರಗಳು ತಮ್ಮ ಜೀನುಗಳನ್ನು ಎಚ್ಚರಿಸುತ್ತವೆ. ಹಂಚ್‌ಬ್ಯಾಕ್ ಎಂಬ ಜೀನು ಎಚ್ಚರಗೊಳ್ಳುವುದು ಮುನ್ನರ್ಧದಲ್ಲಿ ಮಾತ್ರ.

ಇದು ಬರಿಯ ಊಹೆಯಲ್ಲವೆಂಬುದಕ್ಕೆ ಸಾಕ್ಷಿಯೇನು? ಜರ್ಮನಿಯ ಟ್ಯೂಬಿಂಗೆನ್ನಿನಲ್ಲಿ ಕ್ರಿಸ್ಟಿಯಾನ ನ್ಯೂಸ್ಲೈನ್-ಫೋಲ್‌ಹಾರ್ಡ್ ಮತ್ತು ವೋಲ್ಫ್‌ಗಾಂಗ್ ಡ್ರೀವರ್ ಎಂಬುವರು ೧೯೮೮ರಲ್ಲಿ ಪ್ರಕಟಿಸಿದ ಪ್ರಯೋಗಗಳನ್ನೂ ಆಮೇಲಿನವನ್ನೂ ನೋಡೋಣ. ತಾಯಿಯಲ್ಲಿ ಈ ಜೀನು ಕೆಟ್ಟಿದ್ದರೆ ಭ್ರೂಣಕ್ಕೆ ತಲೆಯೂ ಇಲ್ಲ, ಎದೆಯೂ ಇಲ್ಲ. ತಲೆಯಿರಬೇಕಾದೆಡೆಯಲ್ಲಿ ಬಾಲದ ತುದಿಯ ಅಂಗಗಳು ಮೂಡುತ್ತವೆ. ತಾಯಿಯಲ್ಲಿ ಜೀನಿನ ಪ್ರತಿಗಳು ಹೆಚ್ಚಾದರೆ ತಲೆಯ ಎಲ್ಲೆ ಹಿಂದಕ್ಕೆ ಸರಿಯುತ್ತದೆ. ಬೈಕಾಯ್ಡ್ ಇಲ್ಲದ ಮೊಟ್ಟೆಯ ನಟ್ಟನಡುವೆ ಅದರ ಆರ್‌ಎನ್‌ಎಯನ್ನು ಚುಚ್ಚಿ ಸೇರಿಸಿದರೆ ತಲೆಯ ಭಾಗ ನಡುವೆಯೇ ಮೂಡಿ, ಎರಡು ಪಕ್ಕಗಳಲ್ಲೂ ಎದೆಯ ಭಾಗಗಳು ಹುಟ್ಟುತ್ತವೆ. ಊದುಬತ್ತಿಯನ್ನು ಕೋಣೆಯ ನಡುವೆ ಇಟ್ಟಂತಾಯಿತಷ್ಟೆ! ನೊಣದ ಭ್ರೂಣವನ್ನು ಕುರಿತ ಸಂಶೋಧನೆಗಳಿಗಾಗಿ ನ್ಯೂಸ್ಲೈನ್-ಫೋಲ್‌ಹಾರ್ಡರಿಗೆ ಎರಿಕ್ ವೀಷೌಸ್ ಮತ್ತು ಎಡ್ವರ್ಡ್ ಲೂಯಿಸರೊಡನೆ ೧೯೯೫ರಲ್ಲಿ ನೊಬೆಲ್ ಬಹುಮಾನ ಸಂದಿತು.

ಆದರೆ ಎರಡು ಮಾತುಗಳನ್ನು ಮರೆಯಬಾರದು. ಇಳಿಜಾರೊಂದೇ ಎಲ್ಲವನ್ನೂ ಮಾಡುವುದಿಲ್ಲ. ಎಚ್ಚರಗೊಂಡ ಜೀನುಗಳು ಒಂದನ್ನೊಂದು ತಡೆದು ತಮ್ಮ ಗಡಿಗಳನ್ನು ಚೊಕ್ಕಗೊಳಿಸುತ್ತವೆ. ಎರಡನೆಯದಾಗಿ, ಬೈಕಾಯ್ಡ್ ನೊಣಗಳ ಬಳಗಕ್ಕೆ ಮಾತ್ರ ಸೇರಿದ ವಸ್ತು. ಬೆನ್ನೆಲುಬುಳ್ಳ ಪ್ರಾಣಿಗಳಲ್ಲಿ ವಸ್ತುಗಳು ಬೇರೆ, ಉಪಾಯ ಅದೇ. ಅಲ್ಲಿ ಕೋಶಗಳ ನಡುವೆ ಗೋಡೆಗಳಿರುವುದರಿಂದ, ಹರಡಿದ ವಸ್ತುವನ್ನು ಕೋಶದ ಮೈಮೇಲಿನ ಗ್ರಾಹಕಗಳು ಹಿಡಿದು ಸುದ್ದಿಯನ್ನು ಒಳಕ್ಕೆ ಮುಟ್ಟಿಸುತ್ತವೆ.

ಈ ಸುದ್ದಿ ಮುಟ್ಟದೆ ಹೋದರೆ ಏನಾಗುತ್ತದೆ? ೧೯೫೦ರ ದಶಕದಲ್ಲಿ ಅಮೆರಿಕದ ಐಡಹೊ ಸಂಸ್ಥಾನದ ಕುರಿಗಾರರು ಇದರ ಫಲವನ್ನು ಕಣ್ಣಾರೆ ಕಂಡರು. ಅವರ ಮಂದೆಗಳಲ್ಲಿ ಹಣೆಯ ನಡುವೆ ಒಂದೇ ಕಣ್ಣುಳ್ಳ ಮರಿಗಳು ಹುಟ್ಟುತ್ತಿದ್ದವು. ಅದು ಶಾಪವೂ ಅಲ್ಲ, ತಳಿಯ ದೋಷವೂ ಅಲ್ಲ. ಗಬ್ಬದ ಕುರಿಗಳು ೧೪ನೆಯ ದಿನದ ಸುಮಾರಿಗೆ ಬೆಟ್ಟದ ಕಾರ್ನ್ ಲಿಲಿ ಎಂಬ ಗಿಡವನ್ನು ಮೇಯ್ದುದೇ ಕಾರಣವೆಂದು ಸಂಶೋಧಕರು ಕಂಡುಹಿಡಿದರು. ಗಿಡದಲ್ಲಿದ್ದ ವಿಷಕ್ಕೆ ಸೈಕ್ಲೋಪಮೀನ್ ಎಂಬ ಹೆಸರು ಬಂದಿತು. ಅದು ಕೆಲಸಮಾಡುವ ಬಗೆ ೧೯೯೮ರಲ್ಲಿ ತಿಳಿಯಿತು. ಭ್ರೂಣದಲ್ಲಿ ಕಣ್ಣಿನ ಕ್ಷೇತ್ರ ಮೊದಲಿಗೆ ಒಂದೇ. ನಡುಗೆರೆಯಿಂದ ಹೊರಡುವ ಸಾನಿಕ್ ಹೆಜ್‌ಹಾಗ್ ಎಂಬ ಪ್ರೋಟೀನಿನ ಸಂಜ್ಞೆಯು ಅದನ್ನು ಎರಡಾಗಿಸುತ್ತದೆ. ವಿಷವು ಕೋಶಗಳನ್ನು ಆ ಸಂಜ್ಞೆಗೆ ಕಿವುಡಾಗಿಸುತ್ತದೆ. ಕ್ಷೇತ್ರ ಒಡೆಯದೆ ಉಳಿಯುತ್ತದೆ.

ಇದೇ ಸಂಜ್ಞೆಯು ದೊಡ್ಡವರ ಚರ್ಮದಲ್ಲಿ ಅಂಕೆ ತಪ್ಪಿದರೆ ಒಂದು ಬಗೆಯ ಕ್ಯಾನ್ಸರಾಗುತ್ತದೆ. ಅದನ್ನು ತಡೆಯುವ ವಿಸ್ಮೊಡೆಗಿಬ್ ಎಂಬ ಔಷಧಕ್ಕೆ ೨೦೧೨ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಗರ್ಭಿಣಿಯರು ಅದನ್ನು ಸೇವಿಸಕೂಡದೆಂಬ ಎಚ್ಚರಿಕೆಯೂ ಅದರ ಜೊತೆಗೇ ಇದೆ. ಕಾರಣವನ್ನು ವಾಚಕರು ಈಗ ತಾವೇ ಹೇಳಬಲ್ಲರು. ಒಂದೇ ವಸ್ತು ಎಲ್ಲಿ, ಎಂದು, ಎಷ್ಟು ಇರಬೇಕೋ ಅಲ್ಲಿ, ಅಂದು, ಅಷ್ಟೇ ಇದ್ದುದರಿಂದ ನಮಗೆ ಎರಡು ಕಣ್ಣುಗಳಿವೆ; ಈ ಪುಟವನ್ನು ಓದುತ್ತಿರುವುದೂ ಅವುಗಳಿಂದಲೇ.